ಎರಡನೇ ಮಹಾಯುದ್ಧದ ಜರ್ಮನ್ ವಾಯುಪಡೆಯಾದ ಲುಫ್ತ್‌ವಾಫೆಯ ಸಮವಸ್ತ್ರ ಮತ್ತು ಲಾಂಛನಗಳ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಲುಫ್ತ್‌ವಾಫೆಯ ಸಮವಸ್ತ್ರವೆಂದರೆ ವಿಮಾನ ಚಾಲಕರ ಉಡುಪು ಮಾತ್ರವೇ?

ಅಲ್ಲ. ಹೊಸ ಸಂಗ್ರಾಹಕರ ಹಣ ಹೆಚ್ಚಾಗಿ ಪೋಲಾಗುವುದು ಈ ತಪ್ಪು ತಿಳಿವಳಿಕೆಯಿಂದಲೇ. 1935ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಅಸ್ತಿತ್ವಕ್ಕೆ ಬಂದು 1945ರ ಮೇ ತಿಂಗಳ ಶರಣಾಗತಿಯೊಂದಿಗೆ ಮುಗಿದುಹೋದ ಈ ವಾಯುಪಡೆಯಲ್ಲಿ ಆಕಾಶಕ್ಕೇರಿದವರಿಗಿಂತ ನೆಲದ ಮೇಲೆ ದುಡಿದವರೇ ಬಹುಪಾಲು. ಫ್ಲಾಕ್ ಎಂದು ಕರೆಯಲಾಗುವ ವಿಮಾನವಿರೋಧಿ ಫಿರಂಗಿ ದಳ, ಸಂಪರ್ಕ ದಳ, ವೈದ್ಯಕೀಯ ವಿಭಾಗ, ಪ್ಯಾರಾಶೂಟ್ ಸೈನಿಕರು, 1942ರಿಂದ ಪದಾತಿಗಳಂತೆ ಕಾದಾಡಿದ ಲುಫ್ತ್‌ವಾಫೆ ಫೀಲ್ಡ್ ಡಿವಿಷನ್‌ಗಳು, ವಾಯುಪಡೆಯ ಮುಖ್ಯಸ್ಥ ಹೆರ್ಮಾನ್ ಗೋರಿಂಗ್ ಹೆಸರಿನ ಡಿವಿಷನ್, ಕಚೇರಿ ಮತ್ತು ದೂರವಾಣಿ ಕೇಂದ್ರಗಳಲ್ಲಿದ್ದ ಮಹಿಳಾ ಸಹಾಯಕಿಯರು ಎಲ್ಲರೂ ಇದೇ ಪಡೆಯ ಸಿಬ್ಬಂದಿ. ಇದಕ್ಕೂ ಹಿಂದೆ, ವಾಯುಪಡೆ ಕಟ್ಟಲು ಜರ್ಮನಿಗೆ ಅನುಮತಿ ಇಲ್ಲದಿದ್ದಾಗ, 1933ರಲ್ಲಿ ಹುಟ್ಟಿದ ವಾಯುಕ್ರೀಡಾ ಸಂಘವು ತೊಡಿಸಿದ ನೀಲಿ ಬೂದು ಬಣ್ಣದ ಉಡುಪೇ ಮುಂದಿನ ಸಮವಸ್ತ್ರಕ್ಕೆ ಮಾದರಿಯಾಯಿತು. ಆ ಸಂಘದ ವಸ್ತುಗಳನ್ನು ಅನೇಕರು ಬೇರೆಯೇ ವಿಭಾಗವಾಗಿ ಸಂಗ್ರಹಿಸುತ್ತಾರೆ.

ಕಾಲರ್ ಪಟ್ಟಿಯ ಬಣ್ಣ ಏನು ಹೇಳುತ್ತದೆ?

ಅದು ತೊಟ್ಟವನ ವಿಭಾಗವನ್ನು ಹೇಳುತ್ತದೆ. ಜರ್ಮನರು ವಾಫೆನ್‌ಫಾರ್ಬೆ ಎನ್ನುತ್ತಿದ್ದ ಈ ಪದ್ಧತಿಯಲ್ಲಿ ಹೊಂಬಣ್ಣದ ಹಳದಿ ಹಾರಾಟದ ಸಿಬ್ಬಂದಿಗೂ ಪ್ಯಾರಾಶೂಟ್ ಸೈನಿಕರಿಗೂ ಸೇರಿದ್ದು. ಕೆಂಪು ಫ್ಲಾಕ್ ದಳಕ್ಕೆ, ಹೊನ್ನುಗಂದು ಸಂಪರ್ಕ ದಳಕ್ಕೆ, ಕಡುನೀಲಿ ವೈದ್ಯಕೀಯ ವಿಭಾಗಕ್ಕೆ, ಗುಲಾಬಿ ಎಂಜಿನಿಯರ್ ವರ್ಗಕ್ಕೆ, ಬಿಳಿ ಜನರಲ್‌ಗಳಿಗೆ ಮೀಸಲು. ಹೆರ್ಮಾನ್ ಗೋರಿಂಗ್ ಡಿವಿಷನ್ನಿನ ಕಾಲರ್ ಪಟ್ಟಿಯೂ ಬಿಳಿಯೇ ಆದ್ದರಿಂದ ಬಿಳಿ ಕಂಡ ಕೂಡಲೇ ಜನರಲ್ ಎಂದು ತೀರ್ಮಾನಿಸುವಂತಿಲ್ಲ.

ದರ್ಜೆ ತಿಳಿಯಲು ಪಟ್ಟಿಯ ಮೇಲಿನ ರೆಕ್ಕೆಹಕ್ಕಿಗಳನ್ನು ಎಣಿಸಬೇಕು. ಸಾಮಾನ್ಯ ಸೈನಿಕನಾದ ಫ್ಲೀಗರ್‌ಗೆ ಒಂದು, ಗೆಫ್ರೈಟರ್‌ಗೆ ಎರಡು, ಓಬರ್‌ಗೆಫ್ರೈಟರ್‌ಗೆ ಮೂರು. ಲೆಫ್ಟಿನೆಂಟ್‌ನಿಂದ ಕ್ಯಾಪ್ಟನ್‌ವರೆಗೆ ಒಂದರಿಂದ ಮೂರು ಹಕ್ಕಿಗಳ ಕೆಳಗೆ ಓಕ್ ಎಲೆಯ ಚಿಕ್ಕ ಗೊಂಚಲು. ಮೇಜರ್‌ನಿಂದ ಕರ್ನಲ್‌ವರೆಗೆ ಅವೇ ಹಕ್ಕಿಗಳ ಸುತ್ತ ಪೂರ್ತಿ ಓಕ್ ಮಾಲೆ. ಭುಜಪಟ್ಟಿ ಇದನ್ನೇ ಮತ್ತೊಂದು ರೀತಿಯಲ್ಲಿ ಹೇಳುತ್ತದೆ: ಲೆಫ್ಟಿನೆಂಟ್‌ನ ಪಟ್ಟಿ ಬರಿದು, ಓಬರ್‌ಲೆಫ್ಟಿನೆಂಟ್‌ಗೆ ಲೋಹದ ಒಂದು ಚಿಕ್ಕ ನಕ್ಷತ್ರ, ಕ್ಯಾಪ್ಟನ್‌ಗೆ ಎರಡು, ಮೇಜರ್‌ನಿಂದ ಮೇಲೆ ಹೆಣೆದ ಹುರಿ. ಕಾಲರ್ ಒಂದು ದರ್ಜೆಯನ್ನೂ ಭುಜ ಇನ್ನೊಂದನ್ನೂ ಹೇಳುತ್ತಿದ್ದರೆ, ಅಥವಾ ಭುಜಪಟ್ಟಿಯ ಅಡಿಬಟ್ಟೆ ಕೆಂಪಾಗಿದ್ದು ಕಾಲರ್ ಹಳದಿಯಾಗಿದ್ದರೆ, ಆ ಅಂಗಿಯನ್ನು ಯಾರೋ ಯುದ್ಧಾನಂತರ ಸಿಕ್ಕಸಿಕ್ಕ ತುಣುಕುಗಳಿಂದ ಜೋಡಿಸಿದ್ದಾರೆ ಎಂದೇ ಮೊದಲು ಶಂಕಿಸಬೇಕು.

ಫ್ಲೀಗರ್‌ಬ್ಲೂಸೆಗೂ ತೂಖ್‌ರಾಕ್‌ಗೂ ವ್ಯತ್ಯಾಸವೇನು?

ತೂಖ್‌ರಾಕ್ ಎಂಬುದು ನಾಲ್ಕು ಜೇಬುಗಳ, ಮುಂದೆ ಗುಂಡಿಗಳು ಎದ್ದು ಕಾಣುವ, ಟೈ ಕಟ್ಟಿ ತೊಡುವ ಕೋಟು. ಫ್ಲೀಗರ್‌ಬ್ಲೂಸೆ ಸೊಂಟದವರೆಗಿನ ಗಿಡ್ಡ ಅಂಗಿ. ವಿಮಾನದ ಇಕ್ಕಟ್ಟಿನಲ್ಲಿ, ಪ್ಯಾರಾಶೂಟಿನ ಪಟ್ಟಿಗಳ ನಡುವೆ ಏನೂ ಸಿಕ್ಕಿಕೊಳ್ಳದಿರಲೆಂದು ಅದರ ಮುಂದಿನ ಗುಂಡಿಗಳನ್ನು ಬಟ್ಟೆಯ ಮಡಿಕೆಯ ಒಳಗೆ ಮರೆಮಾಡಲಾಗಿತ್ತು. ಹಾರಾಟದವರಿಗೆಂದು ಬಂದ ಈ ಅಂಗಿ ಅಗ್ಗವೂ ಅನುಕೂಲವೂ ಆದ್ದರಿಂದ ಇಡೀ ಪಡೆಗೆ ಹಬ್ಬಿತು.

ಸಂಗ್ರಾಹಕನಿಗೆ ಬ್ಲೂಸೆ ಹೆಚ್ಚು ರುಚಿಸುವುದು ಅದರಲ್ಲಾದ ಬದಲಾವಣೆಗಳಿಂದ. ಆರಂಭದ ಮಾದರಿಯಲ್ಲಿ ಕೆಳಜೇಬುಗಳಿರಲಿಲ್ಲ, ಸಾಮಾನ್ಯ ಸೈನಿಕರ ಅಂಗಿಯಲ್ಲಿ ಎದೆಯ ಹದ್ದೂ ಇರಲಿಲ್ಲ, ಆದರೆ ಕಾಲರ್ ಅಂಚಿನಲ್ಲಿ ವಿಭಾಗದ ಬಣ್ಣದ ತಿರುಚಿದ ಹುರಿ ಇತ್ತು. 1940ರಲ್ಲಿ ಇದು ತಿರುಗುಮುರುಗಾಯಿತು: ಸೈನಿಕರ ಕಾಲರ್ ಹುರಿ ಹೋಯಿತು, ಓರೆಯಾದ ಕೆಳಜೇಬುಗಳು ಬಂದವು, ಎದೆಯ ಹದ್ದು ಸೇರಿತು. ಹಳೆಯ ಅಂಗಿಗಳನ್ನು ಯಾರೂ ಎಸೆಯಲಿಲ್ಲ. ಅವುಗಳಿಗೇ ಹದ್ದನ್ನು ಹೊಲಿದು ಮುಂದುವರಿಸಿದರು. ಆದ್ದರಿಂದ ಕಾಲರ್ ಹುರಿಯೂ ಎದೆಯ ಹದ್ದೂ ಒಂದೇ ಅಂಗಿಯಲ್ಲಿದ್ದ ಮಾತ್ರಕ್ಕೆ ಅದು ನಕಲಿಯಾಗುವುದಿಲ್ಲ. ಯುದ್ಧದ ಕೊನೆಯ ವರ್ಷಗಳ ಬಟ್ಟೆ ಒರಟು, ಬಣ್ಣ ಮಸುಕು. ಮರುಬಳಕೆಯ ಉಣ್ಣೆಗೆ ಮರದ ತಿರುಳಿನಿಂದ ತೆಗೆದ ಕೃತಕ ನಾರನ್ನು ಬೆರೆಸುತ್ತಿದ್ದುದೇ ಇದಕ್ಕೆ ಕಾರಣ. ಒಂದು ದೇಶದ ಕಚ್ಚಾವಸ್ತು ಬತ್ತುತ್ತಾ ಬಂದುದನ್ನು 1938ರ ಮತ್ತು 1944ರ ಎರಡು ಬ್ಲೂಸೆಗಳನ್ನು ಬೆರಳಿನಿಂದ ಮುಟ್ಟಿಯೇ ಅರಿಯಬಹುದು. ನನ್ನ ಮಟ್ಟಿಗೆ ಪದಕಗಳಿಗಿಂತ ಈ ಅಂಗಿಗಳೇ ಹೆಚ್ಚು ಮಾತನಾಡುತ್ತವೆ.

ಎದೆಯ ಹದ್ದಿನಲ್ಲಿ ಹಳೆಯದು, ಹೊಸದು ಎಂದು ಗುರುತಿಸುವುದು ಹೇಗೆ?

ಬಾಲವನ್ನು ನೋಡಿ. 1935ರಿಂದ ಸುಮಾರು 1937ರವರೆಗಿನ ಮೊದಲ ಮಾದರಿಯ ಹದ್ದಿನ ಬಾಲ ಕೆಳಕ್ಕೆ ಜೋತುಬಿದ್ದಂತಿರುತ್ತದೆ. ಆ ನಂತರದ್ದರಲ್ಲಿ ಬಾಲ ಹಿಂದಕ್ಕೆ ಚಾಚಿ, ಹಕ್ಕಿ ನಿಜವಾಗಿಯೂ ಹಾರುತ್ತಿರುವಂತೆ ಕಾಣುತ್ತದೆ. ಸೈನಿಕರ ಹದ್ದು ಬೂದು ಅಥವಾ ಬಿಳಿ ದಾರದ ಕಸೂತಿ, ಅಧಿಕಾರಿಗಳದ್ದು ಅಲ್ಯೂಮಿನಿಯಂ ಜರಿಯ ಕೈಕಸೂತಿ, ಜನರಲ್‌ಗಳದ್ದು ಹೊಂಬಣ್ಣದ ಜರಿ. ಕೈಕಸೂತಿಯಲ್ಲಿ ಎರಡು ಹದ್ದುಗಳು ಅಚ್ಚೊತ್ತಿದಂತೆ ಒಂದೇ ಥರ ಇರುವುದಿಲ್ಲ. ಅವು ಒಂದೇ ಥರ ಇದ್ದರೆ ಅನುಮಾನಿಸುವುದು ಒಳ್ಳೆಯದು.

ನಿಜವಾಗಿಯೂ ಅಪರೂಪದ್ದು ಯಾವುದು?

ಮಾರುವವರ ಬಾಯಲ್ಲಿ ಎಲ್ಲವೂ ಅಪರೂಪವೇ. ಆದರೂ ಒಪ್ಪಬಹುದಾದ ಕೆಲವು ಇವೆ: ಜೋತುಬಾಲದ ಹದ್ದು ಮೂಲಹೊಲಿಗೆಯಲ್ಲೇ ಉಳಿದ ಆರಂಭಿಕ ಕೋಟುಗಳು, ಕ್ನೋಖೆನ್‌ಸಾಕ್ ಎಂಬ ಅಡ್ಡಹೆಸರಿನ ಪ್ಯಾರಾಶೂಟ್ ಸೈನಿಕರ ಮೇಲಂಗಿ, ಅದರಲ್ಲೂ ಕಾಲು ತೂರಿಸಿ ತೊಡುವ ಮೊದಲ ಹಸಿರು ಮಾದರಿ, ಅಂಚು ಕತ್ತರಿಸಿದಂತೆ ಕಾಣುವ ಪ್ಯಾರಾಶೂಟ್ ಶಿರಸ್ತ್ರಾಣ, ‘ಲೇಗಿಯೋನ್ ಕೊಂಡೋರ್’, ‘ಗೆಶ್ವಾಡರ್ ರಿಖ್ಟ್‌ಹೋಫೆನ್’, ‘ಗೆಶ್ವಾಡರ್ ಇಮ್ಮೆಲ್‌ಮಾನ್’ ಎಂದು ಪಡೆಯ ಹೆಸರನ್ನು ಕಸೂತಿ ಮಾಡಿದ ತೋಳುಪಟ್ಟಿಗಳು, ಬಿಳಿ ಬಟ್ಟೆಯ ಮೇಲೆ ಹೊಂಬಣ್ಣದ ದಾರದಿಂದ ‘ಕ್ರೇಟಾ’ (ಕ್ರೀಟ್ ದ್ವೀಪ) ಎಂದು ಹೊಲಿದ, 1942ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಪಟ್ಟಿ. ಗೋರಿಂಗ್ ಕೈಯಾರೆ ಕೊಡುತ್ತಿದ್ದ ವಜ್ರಖಚಿತ ಚಿನ್ನದ ಚಾಲಕ-ವೀಕ್ಷಕ ಪದಕವಂತೂ ಬೆರಳೆಣಿಕೆಯ ವಸ್ತು. ಪರೀಕ್ಷಾ ಚಾಲಕಿ ಹಾನ್ನಾ ರೈಟ್ಷ್‌ಗೆ ಅದರ ವಿಶೇಷ ರೂಪವೊಂದು ಸಂದಿತ್ತು.

ಮೇಲೆ ಹೇಳಿದ ಒಂದೊಂದಕ್ಕೂ ನಕಲುಗಳಿವೆ, ಅಸಲಿಗಿಂತ ಹೆಚ್ಚಾಗಿಯೇ ಇವೆ. ನಕಲು ಮಾಡುವವನು ತನ್ನ ಶ್ರಮವನ್ನು ಬೆಲೆ ಇರುವಲ್ಲಿಯೇ ಸುರಿಯುತ್ತಾನೆ. ಫ್ಲಾಕ್ ದಳದ ಗೆಫ್ರೈಟರ್ ಒಬ್ಬನ ಕೆಂಪು ಕಾಲರ್ ಪಟ್ಟಿಯನ್ನು ನಕಲು ಮಾಡಿ ಅವನಿಗೆ ಆಗಬೇಕಾದ ಲಾಭ ಅಲ್ಪ. ಆದ್ದರಿಂದ ಮೊದಲ ಕೆಲವು ವರ್ಷ ಅಗ್ಗದ, ಸಾಮಾನ್ಯ, ಯಾರೂ ಆಸೆಪಡದ ವಸ್ತುಗಳನ್ನೇ ಕೊಂಡು ಬಟ್ಟೆ, ದಾರ, ಹೊಲಿಗೆಗಳ ಪರಿಚಯವನ್ನು ಕೈಗೂ ಕಣ್ಣಿಗೂ ಮಾಡಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸಾಮಾನ್ಯವಾದುದನ್ನು ಅರಿಯದವನು ಅಪರೂಪದ್ದರ ಮುಂದೆ ಕುರುಡನೇ.

ಚಾಲಕರ ಪದಕವನ್ನು ಪರೀಕ್ಷಿಸುವುದು ಹೇಗೆ?

ಅಂಗೈಯಲ್ಲಿಟ್ಟು ಮೊದಲು ತೂಕವನ್ನು ಗಮನಿಸಿ. ಯುದ್ಧಕ್ಕೆ ಮುಂಚಿನ ಪದಕಗಳು ತಾಮ್ರದ ಅಂಶ ಹೆಚ್ಚಿರುವ ಟೊಂಬಾಕ್ ಮಿಶ್ರಲೋಹದ್ದೋ ಹಗುರ ಅಲ್ಯೂಮಿನಿಯಂನದ್ದೋ ಆಗಿರುತ್ತವೆ. ಯುದ್ಧ ಮುಂದುವರಿದಂತೆ ಸತುವು ಬಂತು. ಸತುವಿನ ಮೇಲೆ ಕೊಟ್ಟ ಬೆಳ್ಳಿಯ ಲೇಪ ನಿಲ್ಲುವುದಿಲ್ಲ, ಕಾಲಕ್ರಮದಲ್ಲಿ ಲೋಹ ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ, ಕೆಲವೊಮ್ಮೆ ಸಣ್ಣ ಗುಳ್ಳೆಗಳೇಳುತ್ತವೆ. ಹೀಗಿರುವಾಗ 1943ರ ನಂತರದ್ದೆಂದು ಹೇಳಿ ಥಳಥಳಿಸುವ ಬೆಳ್ಳಿಬಣ್ಣದ ಪದಕವನ್ನು ಮುಂದಿಟ್ಟರೆ ಉತ್ತರ ಅದರ ಬಣ್ಣದಲ್ಲೇ ಇದೆ.

ನಂತರ ಭೂತಗನ್ನಡಿ ಹಿಡಿಯಿರಿ. ಪದಕದ ಹದ್ದಿನ ಸುತ್ತಲಿನ ಮಾಲೆಯ ಅರ್ಧ ಲಾರೆಲ್ ಎಲೆ, ಅರ್ಧ ಓಕ್ ಎಲೆ. ಮಾಲೆ ತಿಳಿಬಣ್ಣದ್ದಾದರೆ ಹದ್ದು ಕಪ್ಪಾಗಿಸಿದ್ದು. ಅಚ್ಚಿನಲ್ಲಿ ಬಡಿದು ತೆಗೆದ ಪದಕದಲ್ಲಿ ಎಲೆಯ ನರ, ರೆಕ್ಕೆಯ ಗರಿ ಚೂಪಾಗಿ ಮುಗಿಯುತ್ತವೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದರಲ್ಲಿ ಗೆರೆಗಳು ಕರಗಿದಂತಿರುತ್ತವೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಹದ್ದು ಬೇರೆ ತುಂಡು, ಮಾಲೆಗೆ ಎರಡು ರಿವೆಟ್‌ಗಳಿಂದ ಕೂಡಿಸಿದ್ದು. ಹಿಂಬದಿಯಲ್ಲಿ ಆ ರಿವೆಟ್‌ಗಳ ತಲೆ, ಕೀಲು ಕೂರಿಸಿದ ರೀತಿ, ಪಿನ್ನಿನ ಆಕಾರ, ಕೊಂಡಿಯ ಬೆಸುಗೆ ಇವು ತಯಾರಕನಿಂದ ತಯಾರಕನಿಗೆ ಬೇರೆ. ಬರ್ಲಿನ್ನಿನ ಸಿ. ಇ. ಯುಂಕರ್, ಲ್ಯೂಡೆನ್‌ಶೈಡ್‌ನ ಅಸ್‌ಮಾನ್, ವಿಯೆನ್ನಾದ ಬ್ರೂಡರ್ ಶ್ನೈಡರ್, ಬರ್ಲಿನ್ನಿನ ಇಮ್ಮೆ ಮುಂತಾದವರ ಅಚ್ಚುಗಳನ್ನು ತಜ್ಞರು ಒಂದೊಂದು ಗರಿಯನ್ನೂ ಹೋಲಿಸಿ ದಾಖಲಿಸಿದ್ದಾರೆ. ಯುಂಕರ್ ಮುದ್ರೆ ಹೊತ್ತ ಪದಕದಲ್ಲಿ ಅಸ್‌ಮಾನ್‌ನ ಕೀಲು ಕಂಡರೆ ಚರ್ಚೆ ಅಲ್ಲಿಗೇ ಮುಗಿಯಿತು.

ತಯಾರಕರ ಮುದ್ರೆ ಇದ್ದರೆ ಸಾಕಲ್ಲವೇ?

ಸಾಲದು. ಲೋಹಕ್ಕೆ ಮುದ್ರೆ ಒತ್ತುವುದು, ಬಟ್ಟೆಗೆ ಶಾಯಿಯ ಠಸ್ಸೆ ಹಾಕುವುದು ನಕಲಿನಲ್ಲೇ ಸುಲಭದ ಭಾಗ. ಮುದ್ರೆಯಿಂದ ಪ್ರಯೋಜನವಾಗುವುದು ಅದು ವಸ್ತುವಿನ ಉಳಿದ ಲಕ್ಷಣಗಳೊಂದಿಗೆ ತಾಳೆಯಾದಾಗ. ಸೈನಿಕರಿಗೆ ವಿತರಿಸಿದ ಉಡುಪುಗಳ ಒಳಭಾಗದಲ್ಲಿ ಲುಫ್ತ್‌ವಾಫೆಯ ಉಡುಪು ಕಚೇರಿಯ ‘ಎಲ್.ಬಿ.ಎ.’ ಠಸ್ಸೆಯೊಂದಿಗೆ ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಯುದ್ಧದ ಉತ್ತರಾರ್ಧದಲ್ಲಿ ತಯಾರಕರ ಹೆಸರಿನ ಬದಲು ‘ಆರ್‌ಬಿ’ ಎಂದು ಆರಂಭವಾಗುವ ಸಂಖ್ಯೆ ಬಂತು. ಠಸ್ಸೆ ‘37’ ಎನ್ನುತ್ತಿದ್ದು ಅಂಗಿಗೆ ಕಾರ್ಖಾನೆಯಲ್ಲೇ ಹೊಲಿದ ಓರೆ ಕೆಳಜೇಬುಗಳಿದ್ದರೆ ಎರಡರಲ್ಲೊಂದು ಸುಳ್ಳು. ಅಧಿಕಾರಿಗಳು ತಮ್ಮ ಹಣದಿಂದ ದರ್ಜಿಯ ಬಳಿ ಹೊಲಿಸಿಕೊಳ್ಳುತ್ತಿದ್ದರಾದ್ದರಿಂದ ಅವರ ಕೋಟುಗಳಲ್ಲಿ ಈ ಠಸ್ಸೆ ಇರುವುದಿಲ್ಲ. ಒಳಜೇಬಿನಲ್ಲಿ ದರ್ಜಿಯ ಚೀಟಿ, ಅದರ ಮೇಲೆ ಶಾಯಿಯಲ್ಲಿ ಬರೆದ ಹೆಸರು ಸಿಗಬಹುದು.

ಅತಿನೇರಳೆ ದೀಪ, ದಾರ ಸುಡುವ ಪರೀಕ್ಷೆ ಇವನ್ನು ನಂಬಬಹುದೇ?

ಅರ್ಧದಷ್ಟು ನಂಬಬಹುದು. ಬಟ್ಟೆ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕಗಳು ವ್ಯಾಪಕವಾದದ್ದು ಯುದ್ಧಾನಂತರ. ಅವು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಆದರೆ ಅಸಲಿ ಅಂಗಿಯನ್ನೂ ಯಾರಾದರೂ 1970ರ ದಶಕದಲ್ಲಿ ಸಾಬೂನು ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ, ಮತ್ತು ಜಾಣ ನಕಲಿಗನು ಹೊಳೆಯದ ದಾರವನ್ನೇ ಹುಡುಕಿ ಹೊಲಿಯುತ್ತಾನೆ. ಹೊಲಿಗೆಯ ತುದಿಯಿಂದ ಎಳೆದ ಎಳೆಯೊಂದನ್ನು ಸುಟ್ಟಾಗ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೂಲಹೊಲಿಗೆಯಲ್ಲಿ ಪಾಲಿಯೆಸ್ಟರ್ ಸಿಕ್ಕರೆ ವಸ್ತು ಕೈಬಿಡಲು ಅಷ್ಟು ಸಾಕು. ಸಿಗಲಿಲ್ಲವೆಂದರೆ ಕೊಳ್ಳಲು ಅಷ್ಟೇ ಸಾಲದು.

ಲಾಂಛನಗಳನ್ನು ಮತ್ತೆ ಹೊಲಿದಿದ್ದಾರೆ ಎಂದು ತಿಳಿಯುವುದು ಹೇಗೆ?

ಲಾಂಛನದ ಅಂಚನ್ನು ಮೆಲ್ಲನೆ ಎತ್ತಿ ಅಡಿಯ ಬಟ್ಟೆಯನ್ನು ನೋಡಿ. ದಶಕಗಳ ಕಾಲ ಹದ್ದಿನ ಅಡಿಯಲ್ಲಿದ್ದ ಬಟ್ಟೆಗೆ ಬಿಸಿಲು ತಗಲಿರುವುದಿಲ್ಲ, ಅಲ್ಲಿ ಮೂಲ ನೀಲಿ ಬೂದು ಗಾಢವಾಗಿ ಉಳಿದಿರುತ್ತದೆ, ಆ ಗಾಢ ಭಾಗದ ಆಕಾರ ಈಗಿರುವ ಹದ್ದಿನ ಆಕಾರಕ್ಕೆ ಸರಿಹೊಂದಬೇಕು. ನಂತರ ಒಳಗಿನ ಲೈನಿಂಗ್ ನೋಡಿ: ಕಾರ್ಖಾನೆಯಲ್ಲಿ ಲೈನಿಂಗ್ ಕೂರಿಸುವ ಮೊದಲೇ ಹೊಲಿದಿದ್ದರೆ ಹೊಲಿಗೆ ಒಳಗೆ ತೋರುವುದಿಲ್ಲ, ದರ್ಜಿಯೋ ಸೈನಿಕನೋ ಕೈಯಿಂದ ಹೊಲಿದಿದ್ದರೆ ತೋರಬಹುದು. ಎರಡೂ ಸಹಜವೇ. ಹಳೆಯ ಖಾಲಿ ಸೂಜಿರಂಧ್ರಗಳ ಸಾಲೊಂದು, ಅದರ ಪಕ್ಕದಲ್ಲಿ ಹೊಸ ಹೊಲಿಗೆ ಕಂಡರೆ ಮಾತ್ರ ಮಾರುವವನಿಂದ ವಿವರಣೆ ಕೇಳಿ.

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಬಟ್ಟೆಗೆ ಬರ. ಮನೆಗೆ ಮರಳಿದವರು ಹದ್ದು, ಪಟ್ಟಿಗಳನ್ನು ಕಿತ್ತು, ಗುಂಡಿ ಬದಲಿಸಿ, ಕೆಲವೊಮ್ಮೆ ಬಣ್ಣ ಅದ್ದಿಸಿ ಅದೇ ಅಂಗಿಯನ್ನು ದುಡಿಮೆಗೆ ತೊಟ್ಟರು. ಹೀಗೆ ಬೋಳಾಗಿ ಉಳಿದ ಅಂಗಿಗಳಿಗೆ ಇಂದು ಲಾಂಛನ ಹೊಲಿದು ‘ಪೂರ್ಣಗೊಳಿಸುವುದು’ ದೊಡ್ಡ ದಂಧೆ. ನನ್ನನ್ನು ಕೇಳಿದರೆ, ಕಿತ್ತ ಹದ್ದಿನ ನೆರಳು ಉಳಿದ ಬೋಳು ಅಂಗಿಯೇ ಇತಿಹಾಸಕ್ಕೆ ಹತ್ತಿರ. ಅದನ್ನು ಪೂರ್ಣಗೊಳಿಸಿದ ಕ್ಷಣದಲ್ಲಿ 1945ರ ನಂತರದ ಅದರ ಬದುಕನ್ನು ಅಳಿಸಿದಂತಾಗುತ್ತದೆ.

ಸ್ವಸ್ತಿಕವಿಲ್ಲದ ಲುಫ್ತ್‌ವಾಫೆ ಪದಕಗಳು ನಕಲಿಯೇ?

ಅಗತ್ಯವಾಗಿ ಅಲ್ಲ. ಪಶ್ಚಿಮ ಜರ್ಮನಿಯು 1957ರ ಜುಲೈ 26ರ ಕಾಯಿದೆಯ ಮೂಲಕ ಯುದ್ಧಕಾಲದ ಪದಕಗಳನ್ನು ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಲು ಮಾಜಿ ಸೈನಿಕರಿಗೆ ಅವಕಾಶ ಕೊಟ್ಟಿತು. ಹಾಗೆ ಮರುತಯಾರಾದವು ಕಾನೂನುಬದ್ಧ ವಸ್ತುಗಳು, ಬೆಲೆಯೂ ಕಡಿಮೆ. ತೊಂದರೆ ಬರುವುದು ಅವಕ್ಕೆ ಸ್ವಸ್ತಿಕ ಬೆಸೆದು ಯುದ್ಧಕಾಲದ್ದೆಂದು ಮಾರುವಾಗ. ಸ್ವಸ್ತಿಕ ಹಿಡಿದಿರುವ ಹದ್ದಿನ ಕಾಲಿನ ಬಳಿ ಬೆಸುಗೆಯ ಗುರುತು ಹುಡುಕಿ.

ಅಂಗಿಯಲ್ಲಿರುವ ಹೆಸರಿನಿಂದ ತೊಟ್ಟವನನ್ನು ಪತ್ತೆಹಚ್ಚಬಹುದೇ?

ಕೆಲವೊಮ್ಮೆ. ಸೈನಿಕರ ಕಾರ್ಡ್ ದಾಖಲೆಗಳನ್ನು ಕಾಯ್ದಿದ್ದ ಬರ್ಲಿನ್ನಿನ ಕಚೇರಿ 2019ರಿಂದ ಜರ್ಮನ್ ಒಕ್ಕೂಟದ ಪತ್ರಾಗಾರದ ಭಾಗವಾಗಿದೆ. ಫ್ರೈಬುರ್ಗ್‌ನ ಸೇನಾ ಪತ್ರಾಗಾರದಲ್ಲೂ ಕಡತಗಳಿವೆ. ಆದರೆ ಲುಫ್ತ್‌ವಾಫೆಯ ದಾಖಲೆಗಳ ಬಹುಭಾಗವನ್ನು 1945ರಲ್ಲಿ ಪಡೆಯೇ ಸುಟ್ಟುಹಾಕಿತು. ಹೀಗಾಗಿ ಸೋಲ್ಡ್‌ಬೂಖ್ ಎಂಬ ವೇತನ ಪುಸ್ತಕ, ಪದಕ ಪ್ರದಾನ ಪತ್ರ, ಹಾರಾಟದ ದಿನಚರಿ ಇವು ಅಂಗಿಯ ಜೊತೆಗೇ ಸಿಕ್ಕರೆ ಬಿಡಬೇಡಿ. ಕಾಗದಪತ್ರಗಳನ್ನು ಒಂದು ಕಡೆ, ಅಂಗಿಯನ್ನು ಇನ್ನೊಂದು ಕಡೆ ಮಾರಿ ಹೆಚ್ಚು ಲಾಭ ಗಳಿಸುವ ವ್ಯಾಪಾರಿಗಳಿಂದ ಈ ಕ್ಷೇತ್ರಕ್ಕಾದ ನಷ್ಟ ನಕಲಿಗರಿಂದಾದದ್ದಕ್ಕಿಂತ ಕಡಿಮೆಯೇನಲ್ಲ.

ಇಂಥ ವಸ್ತುಗಳನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವೇ?

ಅದು ನೀವಿರುವ ದೇಶವನ್ನು ಅವಲಂಬಿಸಿದೆ. ಜರ್ಮನಿಯ ದಂಡಸಂಹಿತೆಯ 86ಎ ವಿಧಿಯ ಪ್ರಕಾರ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧ. ಸಂಶೋಧನೆ, ಬೋಧನೆ, ಕಲೆ, ಇತಿಹಾಸದ ನಿರೂಪಣೆಗೆ ವಿನಾಯಿತಿ ಇದೆ, ಮನೆಯೊಳಗಿನ ಖಾಸಗಿ ಸಂಗ್ರಹಕ್ಕೆ ನಿಷೇಧವಿಲ್ಲ. ಅಲ್ಲಿನ ಹರಾಜು ಪಟ್ಟಿಗಳಲ್ಲಿ ಹದ್ದಿನ ಕಾಲ ಬಳಿ ಚೀಟಿ ಅಂಟಿಸಿರುವುದು ಇದಕ್ಕಾಗಿಯೇ. ಆಸ್ಟ್ರಿಯಾದಲ್ಲಿ 1960ರಿಂದ ಪ್ರತ್ಯೇಕ ಲಾಂಛನ ಕಾಯಿದೆ ಇದೆ. ಆಸ್ಟ್ರೇಲಿಯಾ 2024ರ ಜನವರಿಯಿಂದ ನಾಜಿ ಚಿಹ್ನೆಯಿರುವ ವಸ್ತುಗಳ ವ್ಯಾಪಾರವನ್ನೇ ನಿಷೇಧಿಸಿ, ಕೆಲವು ವಿನಾಯಿತಿಗಳನ್ನು ಮಾತ್ರ ಉಳಿಸಿದೆ. ಇಬೇ ತಾಣವು 2001ರಿಂದ ಇಂಥ ವಸ್ತುಗಳನ್ನು ನಿರ್ಬಂಧಿಸಿದೆ.

ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು: ನಮ್ಮ ಮನೆಯ ಹೊಸ್ತಿಲ ಮೇಲಿನ ಸ್ವಸ್ತಿಕದೊಂದಿಗೆ ಬೆಳೆದವರಿಗೆ ಆ ಚಿಹ್ನೆಯ ಚಿತ್ರ ಅಲ್ಲಿ ಉಂಟುಮಾಡುವ ಆಘಾತ ಸುಲಭಕ್ಕೆ ಅರಿವಾಗುವುದಿಲ್ಲ. ಸಂತೆಯಲ್ಲಿ ಸಿಕ್ಕ ಪದಕದ ಫೋಟೊವನ್ನು ಹಿಂದೆಮುಂದೆ ನೋಡದೆ ಎಲ್ಲರಿಗೂ ಕಾಣುವಂತೆ ಹಾಕಿದರೆ ಪೊಲೀಸರ ನೋಟಿಸು ಬರಬಹುದು.

ನಾಜಿ ಆಡಳಿತದ ವಸ್ತುಗಳನ್ನು ಸಂಗ್ರಹಿಸುವುದೇ ತಪ್ಪಲ್ಲವೇ?

ಪ್ರಶ್ನೆ ನ್ಯಾಯವಾದದ್ದು. ‘ಲುಫ್ತ್‌ವಾಫೆಯವರು ಬರೀ ವೀರಯೋಧರು, ಪಾತಕಗಳೆಲ್ಲ ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನವರವು’ ಎಂಬ ಸಿದ್ಧ ಉತ್ತರವನ್ನು ಸಂಗ್ರಾಹಕರು ಕೈಬಿಡಬೇಕು. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಸುಟ್ಟದ್ದು ಅಲ್ಲಿನ ಅಂತರ್ಯುದ್ಧಕ್ಕೆ ಹೋಗಿದ್ದ ಜರ್ಮನ್ ಪಡೆಯಾದ ಕೊಂಡೋರ್ ಲೀಜನ್. ಆ ಹೆಸರಿನ ತೋಳುಪಟ್ಟಿಯೇ ಇಂದು ದುಬಾರಿ. ಕ್ರೀಟ್ ದ್ವೀಪದ ಕೊಂಡೊಮಾರಿ ಹಳ್ಳಿಯ ಗಂಡಸರನ್ನು 1941ರ ಜೂನ್ 2ರಂದು ಆಲಿವ್ ತೋಪಿನಲ್ಲಿ ಗುಂಡಿಟ್ಟು ಕೊಂದವರು ಪ್ಯಾರಾಶೂಟ್ ಸೈನಿಕರು. ‘ಕ್ರೇಟಾ’ ಪಟ್ಟಿ ಅದೇ ದ್ವೀಪದ ಯುದ್ಧಕ್ಕೆ ಸಂದ ಗೌರವ. 1942ರಿಂದ 1943ರವರೆಗೆ ನಾಜಿಗಳ ಡಾಖಾವು ಯಾತನಾ ಶಿಬಿರದಲ್ಲಿ ಲುಫ್ತ್‌ವಾಫೆಗಾಗಿ ನಡೆದ ಶೀತ ಪ್ರಯೋಗಗಳಲ್ಲಿ ಕೈದಿಗಳಿಗೆ ಹಾರಾಟದ ಉಡುಪು ತೊಡಿಸಿ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿದರು, ಅನೇಕರು ಸತ್ತರು. ಪೋಲೆಂಡಿನ ವುಜ್ ನಗರದ ಗೆಟ್ಟೊದಲ್ಲಿ ಕೂಡಿಹಾಕಲ್ಪಟ್ಟ ಯಹೂದಿಗಳು ಹಸಿವಿನಲ್ಲಿ ಜರ್ಮನ್ ಸೇನೆಗೆ ಸಮವಸ್ತ್ರ ಹೊಲಿದರು.

ಸಂಗ್ರಹವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ವಸ್ತುವಿನ ಪಕ್ಕದ ಟಿಪ್ಪಣಿಯಲ್ಲಿ ಇವೂ ಇರಬೇಕು. ಅಂಗಿಯನ್ನು ತೊಟ್ಟು ಮೆರೆಯುವವರು, ನಾಜಿ ಸಿದ್ಧಾಂತದ ಮೋಹಕ್ಕೆ ಬಿದ್ದು ಕೊಳ್ಳುವವರು ಇದ್ದಾರೆ. ಅಂಥವರಿಗೆ ಮಾರಬೇಡಿ, ಅವರೊಂದಿಗೆ ವಿನಿಮಯವೂ ಬೇಡ.

ಕರ್ನಾಟಕಕ್ಕೂ ಈ ವಿಷಯಕ್ಕೂ ಸಂಬಂಧವಿದೆಯೇ?

ಸಮವಸ್ತ್ರದ ಮೂಲಕ ಇಲ್ಲ, ವಿಮಾನದ ಮೂಲಕ ಇದೆ. ಲುಫ್ತ್‌ವಾಫೆಯ ಫೋಕೆ-ವುಲ್ಫ್ 190 ಯುದ್ಧವಿಮಾನದ ವಿನ್ಯಾಸಕಾರ ಕುರ್ಟ್ ಟಾಂಕ್ ಯುದ್ಧಾನಂತರ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ವಿಮಾನದ ವಿನ್ಯಾಸವನ್ನು ಮುನ್ನಡೆಸಿದರು. ಅದು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಭಾರತದ ಮಟ್ಟಿಗೆ ಹೇಳುವುದಾದರೆ, 1944ರಲ್ಲಿ ಇಟಲಿಯ ಮಾಂಟೆ ಕಸಿನೊದಲ್ಲಿ ನಾಲ್ಕನೇ ಭಾರತೀಯ ಡಿವಿಷನ್ನಿನ ಎದುರು ನಿಂತವರಲ್ಲಿ ಲುಫ್ತ್‌ವಾಫೆಯ ಪ್ಯಾರಾಶೂಟ್ ಡಿವಿಷನ್ ಪ್ರಮುಖವಾಗಿತ್ತು.

ಅಸಲಿ ವಸ್ತುಗಳನ್ನು ಎಲ್ಲಿ ನೋಡಬಹುದು?

ಬರ್ಲಿನ್ನಿನ ಹಿಂದಿನ ಗಾಟೋ ವಿಮಾನ ನಿಲ್ದಾಣದಲ್ಲಿರುವ ಸೇನಾ ಇತಿಹಾಸ ಸಂಗ್ರಹಾಲಯ, ಡ್ರೆಸ್ಡೆನ್‌ನಲ್ಲಿರುವ ಅದರ ಮುಖ್ಯ ಸಂಗ್ರಹಾಲಯ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ಹೆಂಡನ್‌ನ ಆರ್‌ಎಎಫ್ ಮ್ಯೂಸಿಯಂ. ಗಾಜಿನ ಹಿಂದಿನಿಂದ ಹೊಲಿಗೆ ಕಾಣದಿದ್ದರೂ ಬಟ್ಟೆಯ ನಿಜವಾದ ಬಣ್ಣ ಕಣ್ಣಿಗೆ ಕೂರುತ್ತದೆ. ಪರದೆಯ ಮೇಲಿನ ಯಾವ ಚಿತ್ರವೂ ಆ ನೀಲಿ ಬೂದನ್ನು ಸರಿಯಾಗಿ ತೋರಿಸುವುದಿಲ್ಲ.

ನಮ್ಮ ಹವೆಯಲ್ಲಿ ಉಣ್ಣೆಯ ಸಮವಸ್ತ್ರವನ್ನು ಕಾಪಾಡುವುದು ಹೇಗೆ?

ಬೆಂಗಳೂರಿನಲ್ಲಿ ಹೇಗೋ ನಿಭಾಯಿಸಬಹುದು. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲ ಉಣ್ಣೆಗೂ ಚರ್ಮಕ್ಕೂ ಶತ್ರು. ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರುವಂತೆ ನೋಡಿಕೊಳ್ಳಬೇಕು, ಅದಕ್ಕೆ ತೇವಾಂಶ ಹೀರುವ ಯಂತ್ರ ಬೇಕಾಗುತ್ತದೆ. ಅಂಗಿಯನ್ನು ತಂತಿಯ ಹ್ಯಾಂಗರ್‌ಗೆ ತೂಗುಹಾಕಿದರೆ ಭುಜದ ಹೊಲಿಗೆ ಹರಿಯುತ್ತದೆ. ಆಮ್ಲರಹಿತ ಕಾಗದವನ್ನು ತೋಳು ಮತ್ತು ಮಡಿಕೆಗಳೊಳಗೆ ತುಂಬಿ ಚಪ್ಪಟೆಯಾಗಿ ಪೆಟ್ಟಿಗೆಯಲ್ಲಿಡುವುದು ಮೇಲು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೂಷ್ಟು ಖಚಿತ. ಹುಳು ಹಿಡಿದಿದೆ ಎಂಬ ಅನುಮಾನವಿದ್ದರೆ, ಲೋಹದ ಪದಕ, ಚರ್ಮದ ಭಾಗಗಳಿಲ್ಲದ ಉಣ್ಣೆಯ ಅಂಗಿಯನ್ನು ಗಾಳಿ ತೆಗೆದು ಬಿಗಿದ ಚೀಲದಲ್ಲಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಉಷ್ಣತೆಗೆ ಬರುವವರೆಗೆ ಚೀಲ ಬಿಚ್ಚದೆ ಕಾಯಬೇಕು. ಡ್ರೈ ಕ್ಲೀನಿಂಗ್ ಬೇಡ. ಪದಕಕ್ಕೆ ಪಾಲಿಶ್ ಅಂತೂ ಬೇಡವೇ ಬೇಡ. ಕಪ್ಪಾಗಿಸಿದ ಹದ್ದನ್ನು ಒಮ್ಮೆ ಉಜ್ಜಿ ಬೆಳಗಿಸಿದರೆ ಆ ಲೇಪ ಮರಳಿ ಬರುವುದಿಲ್ಲ.

ಕೊಂಡ ವಸ್ತುವಿನ ಬಗ್ಗೆ ಏನನ್ನು ದಾಖಲಿಸಿಡಬೇಕು?

ಯಾರಿಂದ, ಯಾವ ದಿನ, ಎಷ್ಟಕ್ಕೆ ಕೊಂಡಿರಿ ಎಂಬುದನ್ನೂ, ಮಾರಿದವರು ಹೇಳಿದ ಹಿನ್ನೆಲೆಯನ್ನು ಅವರ ಮಾತಿನಲ್ಲೇ, ನಿಮ್ಮ ಅಭಿಪ್ರಾಯ ಬೆರೆಸದೆ ಬರೆದಿಡಿ. ಕೊಂಡ ದಿನವೇ ಒಳಭಾಗ, ಹೊಲಿಗೆ, ಠಸ್ಸೆ, ಪದಕದ ಹಿಂಬದಿಯ ಚಿತ್ರ ತೆಗೆಯಿರಿ. ಒಂದು ಗುಂಡಿಯನ್ನು ಬದಲಿಸಿದರೂ ಅದನ್ನು ಬರೆದು, ತೆಗೆದ ಗುಂಡಿಯನ್ನು ಚೀಟಿಯೊಂದಿಗೆ ಅದೇ ಪೆಟ್ಟಿಗೆಯಲ್ಲಿಡಿ. ಈ ಕಡತ ಎಲ್ಲಿದೆ ಎಂದು ಮನೆಯಲ್ಲೊಬ್ಬರಿಗಾದರೂ ಹೇಳಿಡಿ, ಏಕೆಂದರೆ ವಾರಸುದಾರರ ಕೈಗೆ ಬರೀ ಅಂಗಿ ಸಿಕ್ಕರೆ ಅದು ಹಳೆ ಬಟ್ಟೆಯವನ ಪಾಲಾಗಬಹುದು.